ಮನೆಗಾಡಿಯಲ್ಲಿ ಒಗ್ಗರಣೆ, ನನ್ನೆದೆಯಲ್ಲಿ ಢವಢವ

ಏನೂ ಆಗದಿರಲಿ ಅಂತ ಬೆಳಗಿನಿಂದ ಸಂಜೆವರೆಗೆ ಕಾಯುವ ಮನುಷ್ಯನ ಎದುರಿಗೇ ಏನಾದರೊಂದು ಆಗುತ್ತಿರುತ್ತದೆ. ಆಗೋದು ಎಲ್ಲರಿಗೂ ಆಗುತ್ತೇನೋ. ಆದರೆ ಉಳಿದವರು ನನ್ನಷ್ಟು ಗಮನ ಕೊಟ್ಟು ನೋಡುವುದಿಲ್ಲ.

ನನಗೆ ಸಂಬಳ ಕೊಡುವುದೇ ಹೆದರುವುದಕ್ಕೆ. ವೇಮಗಲ್ ಕಡೆಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ಎಲ್ಲಿ ಎಣ್ಣೆ ಚೆಲ್ಲಿದೆ, ಯಾರು ಹೆಲ್ಮೆಟ್ ಹಾಕಿಲ್ಲ, ಯಾವ ವೈರು ಬಾಯಿ ಬಿಟ್ಟುಕೊಂಡಿದೆ ಅಂತ ಹುಡುಕಿಕೊಂಡು ಓಡಾಡುವುದು ನನ್ನ ಕೆಲಸ. ಹುಟ್ಟಿದ್ದು ತುಮಕೂರು ಕಡೆ, ಮನೆ ಮಾಡಿರುವುದು ಮಾಲೂರಿನಲ್ಲಿ, ಹೆಣ್ಣು ತಂದಿದ್ದು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಿಂದ. ಅಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ. ನನಗೆ ಶುರುವಾದ ಅರ್ಧ ಚೆನ್ನಾಗಿ ತಿಳಿಯುತ್ತದೆ.

ಹೆಂಡತಿಯ ತಮ್ಮ, ಅಂದರೆ ನನ್ನ ಬಾಮೈದ, ಕೋಲಾರದಲ್ಲಿ ಗಾಡಿಗಳಿಗೆ ಬಾಡಿ ಕಟ್ಟುತ್ತಾನೆ. ಬೆಂಗಳೂರಿನವರು ಯಾರೋ ಕೇಳಿದರು ಅಂತ ಕ್ಯಾರವಾನ್ ಕಟ್ಟುವುದನ್ನು ಕಲಿತ. ಮೊದಲನೆಯದನ್ನು ಒಂದು ಹಳೇ ವ್ಯಾನಿನ ಮೇಲೆ ಪ್ರಯೋಗ ಮಾಡಿ, ಅದನ್ನು ಮಾರೋಕೆ ಧೈರ್ಯ ಬರದೆ ತನ್ನ ಹತ್ತಿರವೇ ಇಟ್ಟುಕೊಂಡ. ಒಳಗೆ ಮೇಲೊಂದು ಕೆಳಗೊಂದು ಮಲಗುವ ಹಲಗೆ, ಅಂಗೈಯಗಲ ಸಿಂಕು, ಗ್ಯಾಸ್ ಒಲೆ, ಅದರ ಕೆಳಗೆ ಪುಟ್ಟ ಸಿಲಿಂಡರು.

“ರಜಾ ಬಂದಾಗೆಲ್ಲ ತಗೊಂಡೋಗಿ ಭಾವ. ಸುಮ್ನೆ ನಿಂತಿರ್ತದೆ” ಅಂದ.

ನಾನು “ನೋಡೋಣ” ಅನ್ನುವಷ್ಟರಲ್ಲಿ ನನ್ನ ಹೆಂಡತಿ ಸಾರಿನ ಪುಡಿ ಡಬ್ಬಕ್ಕೆ ತುಂಬಿಸಿ ಆಗಿತ್ತು. ನಮ್ಮ ಜೊತೆಯಲ್ಲೇ ಇರುವ ಅತ್ತೆ ಅದಕ್ಕೆ ಮನೆಗಾಡಿ ಅಂತ ಹೆಸರಿಟ್ಟರು. ನನಗೆ ಆ ಹೆಸರು ಕೇಳಿದರೇ ಭಯ. ಮನೆ ಅಂದರೆ ಬೆಂಕಿ ಇರುತ್ತದೆ, ಗಾಡಿ ಅಂದರೆ ಡೀಸೆಲ್ ಇರುತ್ತದೆ. ಇವೆರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಅದರೊಳಗೆ ನಿದ್ದೆ ಮಾಡಿ ಅಂದರೆ ಹೇಗೆ?

ಕೂಗುವ ಡಬ್ಬಿ

ಮೊದಲ ಸಲ ಹೋಗಿದ್ದು ಟೇಕಲ್‌ಗೆ. ಬೆಟ್ಟದ ಕೆಳಗೆ ಒಂದು ಹೊಂಗೆ ಮರ ನೋಡಿ ಗಾಡಿ ನಿಲ್ಲಿಸಿದೆವು. ಹೊರಡುವ ಹಿಂದಿನ ದಿನವೇ ನಾನು ಒಲೆಯ ಮೇಲುಗಡೆ ಹೊಗೆ ಬಂದರೆ ಕೂಗಿಕೊಳ್ಳುವ ಒಂದು ಅಲಾರಮ್ಮು ತಂದು ಅಂಟಿಸಿದ್ದೆ.

“ಹೊಗೆ ಬಂದ್ರೆ ನನ್ನ ಕಣ್ಣಿಗೇ ಗೊತ್ತಾಗಲ್ವೇನ್ರೀ?” ಅಂದಳು ಹೆಂಡತಿ.

“ಗೊತ್ತಾಗೋ ಹೊತ್ತಿಗೆ ಲೇಟಾಗಿರುತ್ತೆ” ಅಂತ ಕಾರ್ಖಾನೆಯಲ್ಲಿ ಹೇಳುವ ಹಾಗೇ ಹೇಳಿದೆ.

ಅವತ್ತು ಉಪ್ಪಿಟ್ಟು. ಗಾಡಿ ಹಿಂದಕ್ಕೆ ಉರುಳದಿರಲಿ ಅಂತ ನಾನು ಹೊರಗೆ ಚಕ್ರಗಳಿಗೆ ಕಲ್ಲು ಕೊಡುತ್ತಿದ್ದೆ. ಒಳಗೆ ಎಣ್ಣೆಗೆ ಸಾಸಿವೆ ಬಿತ್ತು, ಒಣಮೆಣಸಿನಕಾಯಿ ಬಿತ್ತು. ಆ ಅಲಾರಮ್ಮು ಹೇಗೆ ಕಿರುಚಿಕೊಂಡಿತು ಅಂದರೆ, ಮರದ ಮೇಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ನಾನು ಒಳಗೆ ನುಗ್ಗಿ ಗ್ಯಾಸ್ ಆರಿಸಿ, ಅತ್ತೆಯ ಕೈ ಹಿಡಿದು ದರದರ ಹೊರಗೆ ಎಳೆದುಕೊಂಡು ಬಂದೆ. ಮದುವೆಯಾದ ಲಾಗಾಯ್ತಿನಿಂದ ನನ್ನೆದುರು ಕುರ್ಚಿ ಮೇಲೆ ಕೂತವರಲ್ಲ ಅವರು. ಕುರಿ ಮೇಯಿಸುತ್ತಿದ್ದ ಒಬ್ಬರು ತಮ್ಮ ಕುಡಿಯೋ ನೀರಿನ ಬಾಟಲಿ ಹಿಡಿದುಕೊಂಡೇ ಓಡಿ ಬಂದರು. ಹೆಂಡತಿ ಮಾತ್ರ ಹೊರಗೆ ಬರಲಿಲ್ಲ.

“ಬಾರೇ ಆಚೆ!” ಅಂತ ಕೂಗಿದೆ.

“ರೀ, ಗ್ಯಾಸ್ ಯಾಕ್ರೀ ಆರ್ಸಿದ್ರಿ? ಸಾಸಿವೆ ಇನ್ನೂ ಅರ್ಧ ಸಿಡಿದಿಲ್ಲ” ಅಂತ ಒಳಗಿನಿಂದ ಉತ್ತರ ಬಂತು.

ಮತ್ತೆ ಹಚ್ಚಿದಳು, ಮತ್ತೆ ಕೂಗಿತು. ಆರಿಸಿದೆ. ಮತ್ತೆ ಹಚ್ಚಿದಳು. ಕುರಿಯವರು ನನ್ನ ಮುಖ ನೋಡಿ ಬಾಟಲಿಯ ನೀರು ನನಗೇ ಕುಡಿಸಿ ಹೋದರು. ಅತ್ತೆ ಅಷ್ಟರಲ್ಲಿ ಒಳಗೆ ಹೋಗಿ ಆ ಡಬ್ಬಿಯನ್ನೇ ನೋಡುತ್ತಾ ನಿಂತಿದ್ದರು. “ಕೂಗ್ತು ಕಣೇ, ಈಗ ಈರುಳ್ಳಿ ಹಾಕು” ಅನ್ನುವುದು ಕೇಳಿಸಿತು. ಅವತ್ತಿನ ಉಪ್ಪಿಟ್ಟಿನ ಒಗ್ಗರಣೆಯಲ್ಲಿ ಒಂದು ಮೆಣಸಿನಕಾಯಿಯೂ ಸೀದಿರಲಿಲ್ಲ.

ತಿಂದಾದ ಮೇಲೆ ಅತ್ತೆ ಮಗಳ ಕಡೆ ತಿರುಗಿ, ನನಗೆ ಕೇಳಿಸುವ ಹಾಗೆ ಹೇಳಿದರು: “ಅಳಿಯಂದ್ರು ಒಳ್ಳೇ ಸಾಮಾನು ತಂದವ್ರೆ. ಒಗ್ಗರಣೆ ಆಯ್ತು ಅಂತ ಅದೇ ಹೇಳ್ತದೆ. ಅನ್ನ ಆಯ್ತು ಅಂತ ಹೇಳೋದು ಸಿಕ್ತದಾ ಕೇಳು.”

ಗಾಡಿಯಿಂದ ಸೋರಿದ್ದು

ಆಮೇಲೆ ಆವನಿ ಬೆಟ್ಟಕ್ಕೆ ಹೋದೆವು. ಬೆಳಗ್ಗೆ ಎದ್ದ ತಕ್ಷಣ ಬಂಡೆಗಳನ್ನು ನೋಡುತ್ತಾ ದೋಸೆ ತಿನ್ನಬೇಕು ಅನ್ನುವುದು ಹೆಂಡತಿಯ ಆಸೆ. ಹಿಟ್ಟು ರುಬ್ಬಿ, ಸ್ಟೀಲ್ ಪಾತ್ರೆಗೆ ಸುರಿದು, ಸೀಟಿನ ಕೆಳಗಿನ ಗೂಡಿನಲ್ಲಿ ಇಟ್ಟಿದ್ದಾಳೆ. ಅದು ನನಗೆ ಗೊತ್ತಿಲ್ಲ. ಅದೇ ಗೂಡಿನ ಪಕ್ಕ ಲೈಟಿಗೆ, ಫ್ಯಾನಿಗೆ ಕರೆಂಟು ಕೊಡುವ ಬ್ಯಾಟರಿ ಇದೆ. ಇದು ನನಗೆ ಚೆನ್ನಾಗಿ ಗೊತ್ತು.

ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಕೆಲಸದ ಅಭ್ಯಾಸ ನೋಡಿ, ಗಾಡಿಗೊಂದು ಸುತ್ತು ಬಂದೆ. ಬಾಗಿಲ ಸಂದಿಯಿಂದ ಬೆಳ್ಳಗೆ ಗಟ್ಟಿಯಾಗಿ ಏನೋ ಇಳಿದು ಟೈರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬಗ್ಗಿ ಮೂಸಿದೆ. ಹುಳಿ ವಾಸನೆ. ಬ್ಯಾಟರಿ ಒಡೆದು ಆಸಿಡ್ ಸೋರುತ್ತಿದೆ ಅಂತ ತೀರ್ಮಾನಿಸಿದೆ. ತಾಯಿ ಮಗಳನ್ನು ಎಬ್ಬಿಸಿ ಇನ್ನೊಂದು ಬಾಗಿಲಿನಿಂದ ಇಳಿಸಿ, ದೂರದ ಹುಣಸೇಮರದ ಕೆಳಗೆ ನಿಲ್ಲಿಸಿ, ಬಾಮೈದನಿಗೆ ಫೋನು ಮಾಡಿದೆ.

“ಬೆಳ್ಳಗಿದೆಯಾ ಭಾವ? ಬೆಳ್ಳಗಿರೋದು ನಾನು ಏನೂ ಹಾಕಿಲ್ವಲ್ಲ!” ಅಂದ.

“ಗುಳ್ಳೆ ಬೇರೆ ಏಳ್ತಿದೆ ಕಣೋ.”

“ಗುಳ್ಳೆನಾ? ಅಯ್ಯಯ್ಯೋ, ದೂರ ಇರಿ ಭಾವ, ಮುಟ್ಬೇಡಿ! ಈಗ್ಲೇ ಹೊರಟೆ.”

ಅವನೂ ಹೆದರಿದ ಮೇಲೆ ನನ್ನ ಭಯಕ್ಕೆ ಇನ್ನೂ ಬಲ ಬಂತು. ಹಾಲು ಹಾಕಲು ಹೊರಟಿದ್ದ ಊರಿನವರು ಕ್ಯಾನು ಹಿಡಿದುಕೊಂಡೇ ನಿಂತು ನೋಡತೊಡಗಿದರು. ನಾನು ಎರಡೂ ಕೈ ಅಗಲಿಸಿ “ಯಾರೂ ಮುಂದೆ ಬರಬೇಡಿ, ಚರ್ಮ ಸುಟ್ಟೋಗುತ್ತೆ” ಅಂತ ತಡೆದು ನಿಂತೆ. ನಾನು ಮುಂದಿನವರನ್ನು ತಡೆಯುತ್ತಿದ್ದಾಗ ಹೆಂಡತಿ ಹಿಂದಿನಿಂದ ಸುತ್ತಿಕೊಂಡು ಗಾಡಿಯ ಹತ್ತಿರ ಹೋಗಿಬಿಟ್ಟಿದ್ದಾಳೆ. ನೋಡಿದರೆ ಟೈರಿನ ಪಕ್ಕ ಕೂತು, ಬಾಗಿಲ ಸಂದಿಗೆ ಬೆರಳು ಅದ್ದಿ, ಬೆರಳನ್ನು ಬಾಯಿಗೆ ಇಡುತ್ತಿದ್ದಾಳೆ!

“ಅಯ್ಯೋ ಬೇಡ ಕಣೇ!” ಅಂತ ನಾನು ಕೂಗಿದ ಕೂಗಿಗೆ ಹಾಲಿನವರ ಕ್ಯಾನಿನ ಮುಚ್ಚಳ ಕೆಳಗೆ ಬಿತ್ತು.

ಅವಳು ನಾಲಿಗೆ ಚಪ್ಪರಿಸಿ, ಸ್ವಲ್ಪ ಯೋಚನೆ ಮಾಡಿ, ಹುಣಸೇಮರದ ಕಡೆ ತಿರುಗಿ ಕೂಗಿ ಹೇಳಿದಳು: “ಅಮ್ಮಾ, ಹಿಟ್ಟು ಚೆನ್ನಾಗಿ ಹುದುಗು ಬಂದಿದೆ. ಉಪ್ಪು ಹಾಕೋದು ಮರ್ತಿದ್ದೀನಿ.”

ಮುದ್ದೆ ತಿರುವಿದ್ದು

ಇದು ಸಣ್ಣದು. ಮಾಲೂರಿನ ಹತ್ತಿರವೇ, ನೀಲಗಿರಿ ತೋಪಿನ ಪಕ್ಕ, ಮಧ್ಯಾಹ್ನದ ಊಟಕ್ಕೆ ಅಂತ ನಿಂತಿದ್ದೆವು. ಸೊಪ್ಪಿನ ಸಾರು ಆಗಿತ್ತು, ಮುದ್ದೆ ಒಂದು ಬಾಕಿ. ನಾನು ಹೊರಗಿದ್ದೆ. ಇದ್ದಕ್ಕಿದ್ದ ಹಾಗೆ ಗಾಡಿ ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಒಳಗೆ ಹೆಂಡತಿ ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಮುದ್ದೆ ಕೋಲು ಹಿಡಿದು, ಮೈಯೆಲ್ಲ ಬಲ ಹಾಕಿ ಹಿಟ್ಟು ತಿರುವುತ್ತಿದ್ದಳು. ಹಳೇ ವ್ಯಾನು, ಹಳೇ ಸ್ಪ್ರಿಂಗು. ಗಂಟಿಲ್ಲದ ಮುದ್ದೆ ಅಂದರೆ ಅವಳಿಗೆ ಪ್ರಾಣ.

ನನಗೆ ಗಾಡಿ ಮಗುಚಿಕೊಳ್ಳುತ್ತದೆ ಅನ್ನಿಸಿತು. ಓಡಿ ಹೋಗಿ ಒಂದು ಪಕ್ಕ ಎರಡೂ ಕೈ ಕೊಟ್ಟು ಒತ್ತಿ ಹಿಡಿದೆ. ದಾರಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ನಿಲ್ಲಿಸಿ, “ಏನಣ್ಣಾ, ಬೀಳ್ತಾ ಐತಾ?” ಅಂದವರು, ಉತ್ತರಕ್ಕೂ ಕಾಯದೆ ನನ್ನ ಪಕ್ಕ ಬಂದು ಕೈ ಕೊಟ್ಟರು. ಟೊಮೇಟೊ ಸಾಗಿಸುತ್ತಿದ್ದ ಟೆಂಪೋದವರು ಇಳಿದು ಬಂದು ಆ ಕಡೆ ಹಿಡಿದರು. ಗದ್ದೆ ಕಡೆಯಿಂದ ಇನ್ಯಾರೋ ಬಂದರು. ಏನು, ಯಾಕೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಉಸಿರು ಕಟ್ಟಿ ಹಿಡಿದುಕೊಂಡು ನಿಂತೆವು.

ತೂಗಾಟ ನಿಂತಿತು. ಬಾಗಿಲು ತೆರೆದು ಹೆಂಡತಿ ಹಣೆಯ ಬೆವರು ಒರೆಸಿಕೊಳ್ಳುತ್ತಾ ಹೊರಗೆ ನೋಡಿದಳು. ಗಾಡಿಯ ಸುತ್ತ ಸಾಲಾಗಿ ಗಂಡಸರು.

“ರೀ, ಇಷ್ಟು ಜನ ಊಟಕ್ಕೆ ಬರ್ತಾರೆ ಅಂತ ಮೊದ್ಲೇ ಹೇಳ್ಬಾರ್ದಾ?” ಅಂದಳು. “ಇನ್ನೊಂದು ಸಲ ತಿರುವ್ಬೇಕು ಈಗ. ಹಿಡ್ಕೊಳ್ಳಿ.”

ಒಳಗೆ ಕುಕ್ಕರು, ಹೊರಗೆ ನಾನು

ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿ ಕೋತಿಗಳ ಕಾಟ. ಬಾಳೆಹಣ್ಣಿಗೂ ಚಪ್ಪಲಿಗೂ ಅವು ಭೇದ ಮಾಡುವುದಿಲ್ಲ. ಹಾಗಾಗಿ ಗಾಡಿ ನಿಲ್ಲಿಸಿದ ತಕ್ಷಣ ನಾನು ಕಿಟಕಿಗಳನ್ನೆಲ್ಲ ಮುಚ್ಚಿಸಿದೆ. ಹೆಂಡತಿ ಒಲೆಯ ಮೇಲೆ ಬೇಳೆಗೆ ಕುಕ್ಕರ್ ಇಟ್ಟು, “ಅಲ್ಲಿ ತೋಟದ ಮನೇಲಿ ಕರಿಬೇವು ಕೇಳ್ಕೊಂಡು ಬರ್ತೀವಿ, ಕುಕ್ಕರ್ ನೋಡ್ಕೊಳ್ಳಿ” ಅಂದಳು. ಬರ್ತೀವಿ ಅಂದಳಲ್ಲ, ಅಮ್ಮನನ್ನೂ ಕರೆದುಕೊಂಡು ಹೋದಳು ಅಂತ ನಾನು ಅಂದುಕೊಂಡೆ.

ಅಷ್ಟರಲ್ಲಿ ಗಾಡಿಯ ತಲೆ ಮೇಲೆ ದಡದಡ ಸದ್ದು. ಕೋತಿ ಓಡಿಸೋಣ ಅಂತ ಇಳಿದೆ. ಒಂದು ಕೋತಿ ಒಳಗೆ ನುಗ್ಗದಿರಲಿ ಅಂತ ಬಾಗಿಲನ್ನು ಜೋರಾಗಿ ಎಳೆದೆ. ಟಕ್ ಅಂತ ಲಾಕ್ ಬಿತ್ತು. ಬೀಗದ ಕೈ ಒಳಗೆ, ಫೋನ್ ಒಳಗೆ, ಉರಿಯುವ ಒಲೆ ಒಳಗೆ.

ಮೊದಲ ವಿಷಲ್ ಆಯಿತು. ಹಿಡಿಕೆ ಜಗ್ಗಿದೆ. ಮುಂದಿನ ಬಾಗಿಲು ಜಗ್ಗಿದೆ. ಇನ್ನೊಂದು ವಿಷಲ್ ಆಯಿತು. ತೋಟದ ಮನೆ ಕಡೆ ಹೆಂಡತಿಯ ಹೆಸರು ಹಿಡಿದು ಕೂಗಿದೆ. ಕೋತಿಗಳು ಉತ್ತರ ಕೊಟ್ಟವು. ನೀರು ಆರುತ್ತದೆ, ಬೇಳೆ ತಳ ಹಿಡಿಯುತ್ತದೆ, ವಾಲ್ವ್ ಕಟ್ಟಿಕೊಳ್ಳುತ್ತದೆ, ಆಮೇಲೆ ಆಗುವುದೆಲ್ಲ ಕಣ್ಣ ಮುಂದೆ ಒಂದೊಂದಾಗಿ ಬಂತು. ಕಾರ್ಖಾನೆಯಲ್ಲಿ ಇಂಥದ್ದೇ ಚಿತ್ರಗಳನ್ನು ಗೋಡೆಗೆ ಅಂಟಿಸಿ ಎಲ್ಲರನ್ನೂ ಹೆದರಿಸಿದವನು ನಾನೇ. ಗಾಜು ಒಡೆಯುವುದೊಂದೇ ದಾರಿ. ಬಾಮೈದ ಆಸೆಪಟ್ಟು ಹಾಕಿಸಿದ ದೊಡ್ಡ ಗಾಜು ಅದು. “ಕ್ಷಮಿಸೋ” ಅಂತ ಮನಸ್ಸಿನಲ್ಲೇ ಹೇಳಿ, ಒಂದು ದಪ್ಪ ಕಲ್ಲು ಎತ್ತಿ, ತಲೆಗಿಂತ ಮೇಲಕ್ಕೆ ಹಿಡಿದು, ಹಲ್ಲು ಕಚ್ಚಿದೆ.

ಕಿಟಕಿ ಸರ್ರನೆ ಸರಿಯಿತು. ಒಳಗೆ ಅತ್ತೆ! ಮಗಳ ಜೊತೆ ಹೋಗದೆ ಮೇಲಿನ ಹಲಗೆಯಲ್ಲಿ ಮಲಗಿಬಿಟ್ಟಿದ್ದವರು ಎದ್ದು, ಒಲೆ ಆರಿಸಿ, ಯಾರದು ಗಲಾಟೆ ಅಂತ ನೋಡಲು ಬಂದಿದ್ದಾರೆ. ಕೆದರಿದ ತಲೆ, ಕೆಂಪು ಕಣ್ಣು, ಎತ್ತಿದ ಕಲ್ಲಿನ ಅಳಿಯ ಎದುರಿಗೆ.

ನನ್ನ ಜೊತೆ ನೇರವಾಗಿ ಮಾತಾಡದ ಅತ್ತೆ ಅವತ್ತು ನೇರವಾಗಿಯೇ, ಬಹಳ ಮೆತ್ತಗೆ ಹೇಳಿದರು: “ಕಲ್ಲು ಕೆಳಗಿಡಿ ಅಳಿಯಂದ್ರೇ. ಬೇಳೆ ಬೆಂದೈತೆ. ಈಗ್ಲೇ ಬಡಿಸ್ತೀನಿ.”

ಪೊಲೀಸ್ ಊಟ

ಇನ್ನೊಂದನ್ನು ಹೇಳಬಾರದು ಅಂತಲೇ ಇದ್ದೆ. ಆದರೆ ನಾನು ಹೇಳದಿದ್ದರೂ ನಮ್ಮ ನೆಂಟರೆಲ್ಲ ಹೇಳುತ್ತಿದ್ದಾರೆ.

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆ ಹೋಗಿದ್ದೆವು. ಎತ್ತ ನೋಡಿದರೂ ಮಾವಿನ ತೋಪು. ಒಂದು ತೋಪಿನೊಳಗೆ ತಂಪಾದ ಜಾಗ ನೋಡಿ ಹೆಂಡತಿ “ಇಲ್ಲೇ ನಿಲ್ಸಿ” ಅಂದಳು. ಯಾರ ತೋಪೋ, ಕೇಳದೆ ನಿಲ್ಲಿಸುವುದು ನನಗೆ ಇಷ್ಟವಿಲ್ಲ. “ಯಾರಾದ್ರೂ ಬಂದ್ರೆ ಕೇಳಿದ್ರಾಯ್ತು” ಅಂದಳು. ದಾರಿಯಲ್ಲಿ ಕೊಂಡಿದ್ದ ಹಣ್ಣು ಹಿಂಡಿ ಸೀಕರಣೆ ಮಾಡಿ, ಒಲೆಯ ಮೇಲೆ ಅನ್ನಕ್ಕಿಟ್ಟು, ಚಪಾತಿ ಲಟ್ಟಿಸಲು ಕೂತಳು. ಅತ್ತೆ ಸುಮ್ಮನೆ ಸುತ್ತಾಡಿ ಬಂದರು. ಬಂದಾಗ ಮಡಿಲು ತುಂಬ ಮಾವಿನಕಾಯಿ.

“ಬಿದ್ದಿದ್ವು” ಅಂದರು.

ಕೆಲವು ಕಾಯಿಗಳ ತೊಟ್ಟಿನಲ್ಲಿ ಇನ್ನೂ ಸೊನೆ ಜಿನುಗುತ್ತಿತ್ತು. ನಾನು ಕಾಯಿಗಳನ್ನೆಲ್ಲ ದಿಂಬಿನ ಕೆಳಗೆ ಬಚ್ಚಿಟ್ಟು ಹೊರಗೆ ಬಂದರೆ, ತೋಪಿನ ಕಾವಲಿನ ತಾತ ಕೋಲೂರಿಕೊಂಡು ಎದುರಿಗೇ ನಿಂತಿದ್ದಾರೆ. ಬಾಯಲ್ಲಿ ಹಲ್ಲು ಕಮ್ಮಿ, ಮಾತು ಪೂರ್ತಿ ತೆಲುಗು. ಗಾಡಿಯ ಕಡೆ ಮೂಗೆತ್ತಿ ವಾಸನೆ ಹಿಡಿದು ಕೇಳಿದರು:

“ಪುಲ್ಸು ಲೇದಾ?”

ಲೇದಾ ಅಂದರೆ ಇಲ್ಲವಾ ಅಂತ ನನಗೆ ಗೊತ್ತು. ಪೊಲೀಸು ಇಲ್ಲವಾ ಅಂತ ಕೇಳುತ್ತಿದ್ದಾರೆ! “ಪೊಲೀಸ್ ಯಾಕೆ ತಾತಾ? ನಾವು ಊಟ ಮಾಡ್ಕೊಂಡು ಹೊರಟೋಗ್ತೀವಿ” ಅಂದೆ.

ಅವರಿಗೆ ಆಶ್ಚರ್ಯವಾಯಿತು. “ಪುಲ್ಸು ಲೇಕುಂಡಾ ಎಟ್ಲಾ?” ಅಂದರು. ಪೊಲೀಸ್ ಇಲ್ಲದೆ ಹೇಗೆ, ಅಂತ.

“ವದ್ದು ತಾತಾ, ವದ್ದು!” ಬೇಡ ಅನ್ನುವುದಕ್ಕೆ ನನಗೆ ಗೊತ್ತಿದ್ದ ತೆಲುಗು ಅದೊಂದೇ. ಕೈ ಮುಗಿದೆ. ನಾನು ಕೈ ಮುಗಿದಷ್ಟೂ ಅವರು ಗಟ್ಟಿಯಾದರು. “ಮಾ ಇಂಟ್ಲೋನೇ ಉಂದಿ. ತೆಸ್ತಾ” ಅಂದು, ಕೋಲು ಬೀಸಿಕೊಂಡು ಹೊರಟೇಬಿಟ್ಟರು. ನಮ್ಮ ಮನೆಯಲ್ಲೇ ಇದೆ, ತರ್ತೀನಿ, ಅಂತ ಅರ್ಥ. ಇವರ ಮನೆಯಲ್ಲೇ ಪೊಲೀಸ್ ಇದ್ದಾರೆ! ಮಗನೋ ಅಳಿಯನೋ ಇರಬೇಕು.

ಒಳಗೆ ಓಡಿದೆ. “ಎಲ್ಲಾ ಕಟ್ಟು, ಹೊರಡೋಣ!”

“ಕಾವಲಿ ಮೇಲೆ ಚಪಾತಿ ಇದೆ ರೀ. ಅನ್ನ ಬೇರೆ ಅರ್ಧ ಬೆಂದಿದೆ. ಹೇಗೆ ಹೊರಡೋದು?”

“ಪೊಲೀಸ್ ಬರ್ತಿದಾರೆ ಕಣೇ!”

“ಬರ್ಲಿ ಬಿಡಿ. ಚಪಾತಿ ಸಾಕಷ್ಟಿದೆ” ಅಂದಳು, ತಿರುಗಿ ಕೂಡ ನೋಡದೆ.

ನನಗೆ ಬೆವರು ಕಿತ್ತುಕೊಂಡು ಬಂತು. ಕಾರ್ಖಾನೆಯ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೋ ಬರುತ್ತದೆ, ಪಕ್ಕದಲ್ಲಿ ಮಾವಿನಕಾಯಿ ರಾಶಿ. ದಿನಾ ಬೆಳಗ್ಗೆ ನೂರಾರು ಜನರಿಗೆ ನಿಯಮ ಪಾಲಿಸಿ ಅಂತ ಉಪದೇಶ ಮಾಡುವವನ ಕಥೆ ಇದು ಅಂತ ನಗುತ್ತಾರೆ. ದಿಂಬಿನ ಕೆಳಗಿನ ಕಾಯಿಗಳನ್ನು ವಾಪಸ್ ಮರದ ಕೆಳಗೆ ಹರಡಿಬಿಡೋಣ ಅಂದುಕೊಂಡೆ. ಹರಡುವಾಗಲೇ ಸಿಕ್ಕಿಬಿದ್ದರೆ? ಒಂದು ಕಾಯಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಗೂ ಮರಕ್ಕೂ ಓಡಾಡುತ್ತಿದ್ದಾಗಲೇ ಗಾಡಿಯ ಸದ್ದು ಕೇಳಿತು.

ಒಂದು ಆಟೋ ಬಂದು ನಿಂತಿತು. ತಾತ ಇಳಿದರು. ಅವರ ಹಿಂದೆ ದಪ್ಪ ಮೀಸೆಯ, ಖಾಕಿ ಶರ್ಟಿನ ಒಬ್ಬ ಆಳು ಇಳಿದ. ಪೊಲೀಸರು ಆಟೋದಲ್ಲಿ ಯಾಕೆ ಬಂದರು ಅಂತ ಒಂದು ಗಳಿಗೆ ಅನ್ನಿಸಿತು. ಜೀಪು ಕೆಟ್ಟಿರಬೇಕು ಅಂದುಕೊಂಡೆ.

ಆತ ಬಾಯಿ ತೆರೆಯುವ ಮುಂಚೆಯೇ ನಾನು ತೆರೆದುಬಿಟ್ಟೆ. “ಸಾರ್, ನಂದೇನೂ ತಪ್ಪಿಲ್ಲ ಸಾರ್. ಒಂದು ಕಾಯೀನೂ ನಾನು ಕಿತ್ತಿಲ್ಲ. ಎಲ್ಲಾ ಕಿತ್ತಿದ್ದು ನಮ್ಮತ್ತೆ. ದಿಂಬಿನ ಕೆಳಗಿದೆ, ಬೇಕಾದ್ರೆ ನೋಡ್ಕೊಳ್ಳಿ.”

ಹೇಳಿ ಮುಗಿಸಿ ತಿರುಗಿದರೆ ಅತ್ತೆ ಮೆಟ್ಟಿಲ ಮೇಲೆ ನಿಂತಿದ್ದಾರೆ. ಪೂರ್ತಿ ಕೇಳಿಸಿಕೊಂಡಿದ್ದಾರೆ.

ಖಾಕಿ ಶರ್ಟಿನ ಆಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಟೋಗೆ ವಾಪಸ್ ಹೋಗಿ, ಹಿಂದಿನ ಸೀಟಿನಿಂದ ಬಟ್ಟೆ ಸುತ್ತಿದ ಒಂದು ಪಾತ್ರೆಯನ್ನು ಎತ್ತಿಕೊಂಡು ಬಂದ. “ಸಾರ್, ಬಿಸಿ ಐತೆ. ಎಲ್ಲಿ ಇಡ್ಬೇಕು ಹೇಳಿ. ಕೈ ಸುಡ್ತದೆ” ಅಂದ. ಮುಚ್ಚಳ ಸರಿದು ಬದನೆಕಾಯಿ, ಹುಣಸೇಹಣ್ಣು, ಬೆಲ್ಲದ ಘಮ ತೋಪೆಲ್ಲ ಹರಡಿತು.

ಹೆಂಡತಿ ಒಳಗಿನಿಂದ ಬಂದು ಪಾತ್ರೆ ನೋಡಿದಳು, ನನ್ನ ಮುಖ ನೋಡಿದಳು, ಲಟ್ಟಣಿಗೆ ಹಿಡಿದುಕೊಂಡೇ ನಗುತ್ತಾ ಮೆಟ್ಟಿಲ ಮೇಲೆ ಕುಸಿದು ಕೂತಳು. “ಪೊಲೀಸಲ್ಲ ರೀ, ಪುಲುಸು! ಪುಲುಸು ಅಂದ್ರೆ ಹುಳಿಸಾರು! ಬರೀ ಅನ್ನದ ವಾಸನೆ ಬಂದಿದೆ, ಸಾರು ಇಲ್ವಾ ಅಂತ ಪಾಪ ತಾತ ಕೇಳಿದಾರೆ.”

ಖಾಕಿಯವನು ತಾತನ ಮಗ, ಊರಿನಲ್ಲಿ ಆಟೋ ಓಡಿಸುತ್ತಾನಂತೆ. ನಾನು ಆಡಿದ ಮಾತನ್ನು ಅವನು ತೆಲುಗಿನಲ್ಲಿ ಅಪ್ಪನಿಗೆ ಹೇಳಿದ. ತಾತ ಇದ್ದಬದ್ದ ಹಲ್ಲೆಲ್ಲ ಕಾಣುವ ಹಾಗೆ ನಕ್ಕು, ಹೊರಡುವಾಗ ಇನ್ನೊಂದಿಷ್ಟು ಕಾಯಿ ಒಯ್ಯಿರಿ ಅಂದರು. ಹೆಂಡತಿ ಅವರಿಬ್ಬರನ್ನೂ ಊಟಕ್ಕೆ ಕೂರಿಸಿದಳು.

ಅತ್ತೆ ಮರದ ಕೆಳಗೆ ಚಾಪೆ ಹಾಸಿದರು, ತಟ್ಟೆ ಇಟ್ಟರು, ನೀರಿಟ್ಟರು. ನನ್ನ ಕಡೆ ನೋಡಲಿಲ್ಲ. ನನಗೆ ಪೊಲೀಸ್ ಬಂದಿದ್ದರೇ ಚೆನ್ನಾಗಿತ್ತು ಅನ್ನಿಸತೊಡಗಿತು. ಎಲ್ಲರೂ ಕೂತ ಮೇಲೆ ಅತ್ತೆ ಸೆರಗು ಸರಿ ಮಾಡಿಕೊಂಡು, ಸೌಟನ್ನು ಮಗಳ ಕೈಗೆ ಕೊಟ್ಟು ಹೇಳಿದರು:

“ಮೊದ್ಲು ಪೊಲೀಸ್‌ನೋರಿಗೆ ಬಡ್ಸಮ್ಮ. ಆಮೇಲೆ ಹಿಡ್ಕೊಟ್ಟೋರಿಗೆ. ಕಳ್ಳಿ ಕೊನೇಲಿ ತಿಂತಾಳೆ.”